ಮುನ್ನೂರ ಎಪ್ಪತ್ತೆರಡು ಡಿಗ್ರಿಯ ಕಟ್ಟು

ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ರೇಖಾಗಣಿತ ಕಲಿಸಿದವನಿಗೆ ನಾಲ್ಕು ಮರದ ಪಟ್ಟಿ ಜೋಡಿಸಿ ಒಂದು ಚಿತ್ರಕ್ಕೆ ಕಟ್ಟು ಹಾಕುವುದು ಕಷ್ಟವೇ? ಅಲ್ಲವೆಂದೇ ನಾನು ನಂಬಿದ್ದೆ. ಈಗ ನೆನೆದರೂ ಸುಸ್ತಾಗುತ್ತದೆ. ಆದರೂ ಹೇಳಿಬಿಡುತ್ತೇನೆ.

ನನ್ನ ಹೆಂಡತಿ ನಳಿನಿ ಮೂರು ವರ್ಷ ಕೂತು ಒಂದು ಕಸೂತಿ ಹಾಕಿದ್ದಳು. ನಡುವೆ ರಾಧಾಕೃಷ್ಣ, ಎರಡು ಪಕ್ಕಕ್ಕೂ ಗರಿ ಇಳಿಬಿಟ್ಟ ಒಂದೊಂದು ನವಿಲು. ನವಿಲುಗಳಿಗೇ ಒಂದೂವರೆ ವರ್ಷ ಹಿಡಿದಿತ್ತು. ಒಂದು ಹೊಲಿಗೆ ತಪ್ಪಿದರೆ ಇಡೀ ಸಾಲು ಬಿಚ್ಚಿ ಮತ್ತೆ ಹಾಕುವ ಸ್ವಭಾವ ಅವಳದು. ಪದ್ಮನಾಭನಗರದಲ್ಲಿ ಅವಳ ಅಕ್ಕ ಹೊಸ ಮನೆ ಕಟ್ಟಿಸಿದ್ದರು. ಶುಕ್ರವಾರ ಗೃಹಪ್ರವೇಶ, ಅಲ್ಲಿಗೆ ಇದೇ ಉಡುಗೊರೆ. ಗಾಂಧಿ ಬಜಾರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬನ್ನಿ ಎಂದು ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟಳು. ಗಾಜು ಮಾತ್ರ ಬೇಡವಂತೆ, ದಾರದ ಕೆಲಸವನ್ನು ಅಕ್ಕ ಮುಟ್ಟಿ ನೋಡಬೇಕಂತೆ.

ನಾನು ಅಂಗಡಿಯ ತನಕ ಹೋದೆ. ಕಟ್ಟು ಹಾಕುವವನು ಪಟ್ಟಿಯೊಂದರ ತುದಿಯನ್ನು ಓರೆಯಾಗಿ ಕೊಯ್ಯುತ್ತಿದ್ದ. ಇದು ನಿಖರವಾಗಿ ನಲವತ್ತೈದು ಡಿಗ್ರಿಯೇ ಎಂದು ವಿಚಾರಿಸಿದೆ. ಅಂದಾಜು ಎಂದ. ಅಂದಾಜು! ಅಂದಾಜಿನ ಮೇಲೆ ಉತ್ತರ ಬರೆದ ಹುಡುಗರಿಗೆ ಸೊನ್ನೆ ಕೊಟ್ಟವನು ನಾನು. ಕಸೂತಿಯನ್ನು ಕಂಕುಳಲ್ಲಿಟ್ಟುಕೊಂಡು ಹಾಗೆಯೇ ಹಿಂದಿರುಗಿದೆ. ದಾರಿಯಲ್ಲಿ ತೇಗದ ಪಟ್ಟಿಗಳನ್ನೂ ಒಂದು ಗರಗಸವನ್ನೂ ಕೊಂಡೆ.

ಕಟ್ಟಿನ ಮೂಲೆ ಕೂಡಬೇಕಾದರೆ ಪ್ರತಿ ಪಟ್ಟಿಯ ತುದಿಯನ್ನೂ ತೊಂಬತ್ತರ ಅರ್ಧಕ್ಕೆ ಕೊಯ್ಯಬೇಕು. ಗರಗಸ ಅತ್ತಿತ್ತ ಹೋಗದಂತೆ ಹಿಡಿಯಲು ಓರೆ ಸೀಳಿರುವ ಒಂದು ಮರದ ಅಚ್ಚು ಬೇಕು. ಅಚ್ಚಿನ ಕೋನವನ್ನು ಕೋನಮಾಪಕದಿಂದ ಗುರುತು ಮಾಡುವುದು ಎಂಟನೇ ಕ್ಲಾಸಿನವರ ಕೆಲಸ. ನಾನು ಶಾಸ್ತ್ರೋಕ್ತವಾಗಿ ಕೈವಾರ ಹಿಡಿದು ಕೋನಾರ್ಧಕ ರಚಿಸಿದೆ. ಅರ್ಧ ಮಾಡಲು ಲಂಬಕೋನ ಎಲ್ಲಿಂದ ತಂದೆ? ನಮ್ಮ ನಡುಮನೆಯ ಮೂಲೆಯಿಂದ. ನೆಲಕ್ಕೆ ಡ್ರಾಯಿಂಗ್ ಹಾಳೆ ಹಾಸಿ, ಎರಡೂ ಗೋಡೆಗಳ ಗುಂಟ ಗೆರೆ ಮೂಡಿಸಿಕೊಂಡೆ. ಗವಿಪುರಂನ ಈ ಮನೆ ನಮ್ಮ ತಾತ ನಿಂತು ಕಟ್ಟಿಸಿದ್ದು. ಎರಡು ಗೋಡೆ ಕೂಡಿದಲ್ಲಿ ತೊಂಬತ್ತು ಡಿಗ್ರಿ ಇರುತ್ತದೆ ಎಂಬುದಕ್ಕೆ ಬೇರೆ ಸಾಧನೆ ಬೇಕೆಂದು ನನಗೆ ಅನ್ನಿಸಲಿಲ್ಲ.

ಬುಧವಾರ ಎಂಟು ತುದಿಗಳನ್ನೂ ಕೊಯ್ದೆ. ಮೂರು ಮೂಲೆಗಳು ಚೆನ್ನಾಗಿ ಕೂಡಿದವು. ನಾಲ್ಕನೆಯದರಲ್ಲಿ ಬೆರಳು ತೂರುವಷ್ಟು ಸಂದು. ಕೈ ನಡುಗಿರಬೇಕು ಎಂದು ಎಲ್ಲವನ್ನೂ ತುಸು ಒಳಗೆ ಮತ್ತೆ ಕೊಯ್ದೆ. ಅದೇ ಸಂದು. ಗರಗಸ ಮೊಂಡಾಗಿರಬೇಕು ಎಂದು ಸಾಣೆ ಹಿಡಿಸಿ ತಂದು ಕೊಯ್ದೆ. ಅದೇ ಸಂದು. ಕಟ್ಟು ಚಿಕ್ಕದಾಗುತ್ತಿಲ್ಲವೇ ಎಂದು ನಳಿನಿ ಅಡುಗೆಮನೆಯಿಂದಲೇ ಕೇಳಿದಳು. ದೂರದಿಂದ ಹಾಗೆ ಕಾಣುತ್ತದೆ ಎಂದೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಹತ್ತಿರದಿಂದಲೂ ಹಾಗೆಯೇ ಕಾಣತೊಡಗಿತು. ಮೊದಲು ನವಿಲುಗಳ ಗರಿಯ ತುದಿ ಹೊರಗುಳಿಯಿತು. ಆರನೆಯ ಸಲ ಕೊಯ್ದು ಮುಗಿಸುವಾಗ ರಾತ್ರಿಯಾಗಿತ್ತು, ನವಿಲುಗಳೇ ಹೊರಗಿದ್ದವು. ಮೇಲೆ ಕೆಳಗೆ ಖಾಲಿ ಬಟ್ಟೆ ಧಾರಾಳವಾಗಿದ್ದುದರಿಂದ ಕೃಷ್ಣನ ಕಿರೀಟ ಉಳಿಯಿತು. ಸಂದೂ ಉಳಿಯಿತು.

ನಳಿನಿ ನನ್ನನ್ನು ಕೇಳದೆ ಪಕ್ಕದ ಬೀದಿಯ ಮುದುಕ ಬಡಗಿ ನಂಜುಂಡಾಚಾರರನ್ನು ಕರೆತಂದಳು. ಅವರು ಪಟ್ಟಿಗಳನ್ನು ನೋಡಲೇ ಇಲ್ಲ. ಅಚ್ಚನ್ನು ತಿರುಗಿಸಿ ನೋಡಿ, ಈ ಮೂಲೆ ಎಲ್ಲಿಂದ ತಂದಿರಿ ಎಂದು ಕೇಳಿದರು. ತೋರಿಸಿದೆ. ಚೀಲದಿಂದ ಲಂಬಕೋನ ನೋಡುವ ತಮ್ಮ ಮೂಲೆಮಟ್ಟ ತೆಗೆದು ಗೋಡೆಯ ಮೂಲೆಗೆ ಒತ್ತಿ ಹಿಡಿದರು. ಅದರ ಒಂದು ತೋಳು ಗೋಡೆಗೆ ಅಂಟಿತು. ಇನ್ನೊಂದು ತೋಳು ಪಕ್ಕದ ಗೋಡೆಯಿಂದ ದೂರವೇ ನಿಂತಿತು.

"ಗೋಡೆ ನೋಡ್ಕೊಂಡು ಮೂಲೆ ಇಡ್ತಾರಾ ಮೇಷ್ಟ್ರೇ? ಮೂಲೆ ಇಟ್ಟು ಗೋಡೆ ನೋಡ್ಬೇಕು" ಅಂದರು.

ಆಗ ನಾನು ಎಂಟನೇ ಕ್ಲಾಸಿನವರ ಕೋನಮಾಪಕವನ್ನು ಹಾಳೆಯ ಮೇಲಿಟ್ಟೆ. ತೊಂಬತ್ತಮೂರು. ನನ್ನ ಅರ್ಧಕದಲ್ಲಿ ದೋಷವಿರಲಿಲ್ಲ, ತಪ್ಪನ್ನು ಸರಿಸಮವಾಗಿ ಅರ್ಧ ಮಾಡಿದ್ದೆ. ಚತುರ್ಭುಜದ ಕೋನಗಳ ಮೊತ್ತ ಮುನ್ನೂರ ಅರವತ್ತು ಎಂದು ಊರಿಗೆಲ್ಲ ಕಲಿಸಿದವನು, ಮನೆಯಲ್ಲಿ ಕೂತು ಆರು ಸಲ ಮುನ್ನೂರ ಎಪ್ಪತ್ತೆರಡು ಕೊಯ್ದಿದ್ದೆ.

ಆಚಾರರು ಎರಡು ಪಟ್ಟಿಗಳ ತುದಿಗಳನ್ನು ಮೂಲೆಮಟ್ಟ ಹಿಡಿದು ಒಂದರ ಮೇಲೊಂದು ಅಡ್ಡಲಾಗಿ ಇಟ್ಟು, ಗರಗಸದ ಒಂದೇ ಓಟದಲ್ಲಿ ಎರಡನ್ನೂ ಒಟ್ಟಿಗೆ ಕೊಯ್ದರು. ಒಟ್ಟಿಗೆ ಕೊಯ್ದವು ಒಂದಕ್ಕೊಂದು ಕೂಡಲೇಬೇಕು. ಎಷ್ಟು ಡಿಗ್ರಿ ಎಂದು ಕೇಳಿದೆ. ಗೊತ್ತಿಲ್ಲ ಅಂದರು. ಅರ್ಧ ಗಂಟೆಯಲ್ಲಿ ಕಟ್ಟು ಸಿದ್ಧವಾಯಿತು, ಕೂದಲು ತೂರಲೂ ಸಂದಿರಲಿಲ್ಲ. ಆದರೆ ಕಳೆದುಹೋದ ಮರವನ್ನು ಅವರೂ ಎಲ್ಲಿಂದ ತರಬೇಕು? ಅಂಗಡಿಗಳು ಬಾಗಿಲು ಹಾಕಿದ್ದವು, ಮುಹೂರ್ತ ಬೆಳಗಿನ ಜಾವಕ್ಕಿತ್ತು.

ನಳಿನಿ ಕಸೂತಿಯನ್ನು ಮಂಚದ ಮೇಲೆ ಹರಡಿ, ಎಡಗಡೆಯ ನವಿಲನ್ನು ಹಿಂದಕ್ಕೆ ಮಡಿಸಿದಳು. ಆಮೇಲೆ ಬಲಗಡೆಯದನ್ನು.

"ಹೊಲಿಗೆ ಆಗಿದ್ರೆ ಬಿಚ್ಚಿ ಮತ್ತೆ ಹಾಕ್ತಿದ್ದೆ ರೀ. ಮರ ಬಿಚ್ಚಕ್ಕಾಗತ್ತಾ?" ಅಂದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ಗೃಹಪ್ರವೇಶದಲ್ಲಿ ಕಸೂತಿಯನ್ನು ಎಲ್ಲರೂ ಮೆಚ್ಚಿದರು. ಅಕ್ಕನಂತೂ ಬೆರಳಾಡಿಸಿ ಆಡಿಸಿ ನೋಡಿದರು. ನೋಡಿ, ತಂಗಿಯ ಕಡೆ ತಿರುಗಿ, "ತುಂಬಾ ಚೆನ್ನಾಗಿದೆ ಕಣೇ. ಎರಡು ಪಕ್ಕಕ್ಕೂ ಒಂದೊಂದು ನವಿಲು ಹಾಕಿದ್ದಿದ್ರೆ ಇನ್ನೂ ತುಂಬ್ಕೊಂಡಿರೋದು" ಅಂದರು.

ನಳಿನಿ ನನ್ನ ಕಡೆ ನೋಡಲಿಲ್ಲ. "ಹೌದಕ್ಕಾ, ಹಾಕಬೋದಿತ್ತು" ಅಂದಳು.

ಅವಳು ಬೈದಿದ್ದರೆ ಎರಡು ಹೋಳಿಗೆ ಹೆಚ್ಚಾಗಿಯೇ ತಿಂದು ಮರೆತುಬಿಡುತ್ತಿದ್ದೆ. ತಲೆ ತಗ್ಗಿಸಿಕೊಂಡು ಪಂಕ್ತಿಯಲ್ಲಿ ಕೂತೆ. ಬಡಿಸಲು ಬಂದ ಷಡ್ಡಕರು ನನ್ನ ಎಲೆಯ ಮುಂದೆ ನಿಂತು, ಕಟ್ಟಿನ ಮೂಲೆಗಳು ಎಷ್ಟು ನಿಖರವಾಗಿ ಕೂಡಿವೆ, ಗಣಿತದ ಮೇಷ್ಟ್ರ ಕೈ ಅಂದರೆ ಹೀಗಿರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದರು.

ಸ್ವಲ್ಪ ಅನ್ನ ಹಾಕಿ ಎಂದೆ.