ಹಿಂದಕ್ಕೆ ಎಸೆಯದ ಗರಗಸ

ಬೆಳಿಗ್ಗೆ ಅಂಗಿ ತೊಡಲೆಂದು ಬಡಗಿ ಬಲಗೈ ಎತ್ತಿದ. ಕೈ ಅರ್ಧಕ್ಕೇ ನಿಂತಿತು, ಉತ್ತರ ಅರ್ಧ ಮಾತ್ರ ಗೊತ್ತಿರುವ ಶಾಲೆಯ ಹುಡುಗನ ಕೈಯ ಹಾಗೆ.

"ಮತ್ತೆ ಭುಜವೇನ್ರೀ?" ಎಂದಳು ಹೆಂಡತಿ.

"ದಿನವಿಡೀ ಕೈಗರಗಸದಲ್ಲಿ ಮರ ಸೀಳಿದ್ರೆ ಭುಜ ಇನ್ನೇನು ಹಾಡು ಹೇಳುತ್ತಾ? ಇವತ್ತು ಟೇಬಲ್ ಸಾ ತಂದೇ ತರ್ತೀನಿ. ಇನ್ಮೇಲೆ ಈ ಭುಜಕ್ಕೆ ರಜೆ."

ಮೇಜಿನ ನಡುವಿನಿಂದ ತಲೆ ಎತ್ತಿ ಗಿರ್ರನೆ ತಿರುಗುವ ಆ ದುಂಡನೆಯ ಗರಗಸದ ಮೇಲೆ ಅವನಿಗೆ ಬಹಳ ದಿನದ ಕಣ್ಣು. ಆದರೆ ಮಾತು ಗೋಡೆಯಾಚೆಯ ದರ್ಜಿಗೂ ಕೇಳಿಸಿತು. ಕೇಳಿಸಿಕೊಂಡ ಮೇಲೆ ಸುಮ್ಮನಿರುವುದು ಅವನ ಜಾಯಮಾನವಲ್ಲ. ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದ.

"ಬೇಡ ಅಣ್ಣಾ. ಮರ ಸಿಕ್ಕಿಕೊಂಡ್ರೆ ಆ ಗರಗಸ ಅದನ್ನ ಹಿಂದಕ್ಕೆ ಎಸೆಯುತ್ತಂತೆ. ನೇರ ಹೊಟ್ಟೆಗೇ!"

"ಸೂಜಿ ಹಿಡಿಯೋನಿಗೆ ಗರಗಸದ ಚಿಂತೆ ಯಾಕೋ?"

"ಆಮೇಲೆ ಆ ಹೊಟ್ಟೆಗೆ ಹೊಲಿಗೆ ಹಾಕೋಕೆ ನನ್ನನ್ನೇ ಕರೀತೀಯಲ್ಲ, ಅದಕ್ಕೆ."

ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿದ್ದಳು. "ನಾನೂ ಬರ್ತೀನಿ."

ಹೀಗೆ ಮೆಷಿನ್ ಅಂಗಡಿಗೆ ಗಿರಾಕಿ ಒಬ್ಬ, ಸಲಹೆಗಾರರು ಇಬ್ಬರು ಬಂದರು. ಅಂಗಡಿಯವನು ಹುರುಪಿನಿಂದ ಟೇಬಲ್ ಸಾ ಚಾಲೂ ಮಾಡಿ, ಕೈಗೆ ಸಿಕ್ಕ ಸೊಟ್ಟ ಮರದ ತುಂಡೊಂದನ್ನು ನೂಕಿದ. ಅರ್ಧ ಸೀಳಿದ ಮರ ಗರಗಸವನ್ನು ಕಚ್ಚಿಕೊಂಡಿತು. ಮರುಕ್ಷಣ ಬಡಗಿಯ ಪಕ್ಕೆಯನ್ನು ಸವರಿಕೊಂಡು ಹಾರಿ, ಹಿಂದಿನ ಬೀರುವಿಗೆ ಧಡ್ಡನೆ ಗುದ್ದಿ, ಏನೂ ಅರಿಯದ ಹಸುಗೂಸಿನಂತೆ ನೆಲದ ಮೇಲೆ ಮಲಗಿತು.

"ದರ್ಜಿ ಎಲ್ಲಿ?" ಎಂದ ಬಡಗಿ, ಪಕ್ಕೆ ಮುಟ್ಟಿ ನೋಡಿಕೊಳ್ಳುತ್ತ.

ಕೌಂಟರಿನ ಅಡಿಯಿಂದ ದನಿ ಬಂತು: "ನಾನು ಹೇಳಿರ್ಲಿಲ್ವಾ?"

ಅಂಗಡಿಯವನು ಬೆವರೊರೆಸಿಕೊಂಡು ಬ್ಯಾಂಡ್ ಸಾ ಕಡೆ ತಿರುಗಿದ. ಆಳೆತ್ತರದ ಯಂತ್ರ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಸುತ್ತಿ ಬರುವ ರಿಬ್ಬನ್ನಿನಂಥ ಗರಗಸ.

"ಇದರ ಹಲ್ಲು ಕೆಳಕ್ಕೇ ಇಳಿಯುತ್ತೆ, ಮರಾನ ಮೇಜಿಗೆ ಒತ್ತಿ ಹಿಡಿಯುತ್ತೆ. ಹಾಗೆ ಹಿಂದಕ್ಕೆ ಎಸೆಯಲ್ಲ."

"ಬೆರಳು?" ಎಂದಳು ಹೆಂಡತಿ.

"ಅಡ್ಡ ಇಟ್ರೆ ಯಾವ ಗರಗಸವೂ ನೆಂಟಸ್ತನ ನೋಡಲ್ಲಮ್ಮ. ಹಲಗೆ ಮುಗಿಯೋ ಹೊತ್ತಿಗೆ ಕೈ ತೆಗೆದು ಕೋಲಿಂದ ನೂಕಬೇಕು."

"ಇದೇ ಇರಲಿ," ಎಂದಳು ಅವಳು.

ಬಡಗಿ ಟೇಬಲ್ ಸಾ ಕಡೆ ಒಮ್ಮೆ ನೋಡಿದ. ಪಕ್ಕೆ ನೆನಪಾಗಿ ಬ್ಯಾಂಡ್ ಸಾಗೇ ದುಡ್ಡು ಎಣಿಸಿದ.

ಮಧ್ಯಾಹ್ನ ಯಂತ್ರ ಮನೆಗೆ ಬಂತು. ಬಡಗಿ ಹಲಗೆಗೆ ಗೆರೆ ಎಳೆದು ನೂಕಿದ. ನೋಯುವ ಭುಜ ನಡುಗಿತು, ಸೀಳು ಗೆರೆ ಬಿಟ್ಟು ಪಕ್ಕದ ಮನೆಯತ್ತ ಹೊರಟಿತು.

"ಸರೀರಿ ಆ ಕಡೆ." ಹೆಂಡತಿ ಕೂದಲು ಬಿಗಿದು ಕಟ್ಟಿ, ತೋಳು ಮಡಚಿ, ಕೋಲು ಕೈಗೆ ತೆಗೆದುಕೊಂಡಳು. ವರ್ಷಗಳಿಂದ ದರ್ಜಿಯ ಗಿರಾಕಿಗಳ ಅಂಗಿಗಳನ್ನು ಹೊಲಿಗೆ ಯಂತ್ರದಲ್ಲಿ ಹೊಲಿದುಕೊಡುತ್ತಿದ್ದವಳಿಗೆ ಗೆರೆ ಹಿಡಿದು ನೂಕುವುದು ಹೊಸದೇ? ಹಲಗೆ ಬಟ್ಟೆಯಷ್ಟೇ ವಿಧೇಯವಾಗಿ ಸಾಗಿತು.

ಬಡಗಿ ಹಿಗ್ಗಿಹೋದ. ಕಾಲು ಚಾಚಿ ಕೂತ. ಭುಜಕ್ಕೆ ಕೊನೆಗೂ ರಜೆ!

"ಕೂತ್ಬಿಟ್ರಾ? ಮುಟ್ಟಿ ನೋಡಿ, ಹಲಗೆಯ ಮೈಯೆಲ್ಲ ತರಿತರಿ. ಕೀಸುಳಿ ಹಿಡಿದು ಹೆರೆದು ನುಣ್ಣಗೆ ಮಾಡಿ."

ಕೈಗರಗಸದ ಕಾಲದಲ್ಲಿ ದಿನವೆಲ್ಲ ಸೀಳಿದರೂ ಹೆರೆಯಲು ಸಿಗುತ್ತಿದ್ದದ್ದು ನಾಲ್ಕಾರು ಹಲಗೆ. ಈಗ ಅದೇ ನೋಯುವ ಭುಜದಿಂದ ಒಂದನ್ನು ಹೆರೆದು ಮುಗಿಸುವುದರೊಳಗೆ ಪಕ್ಕದಲ್ಲಿ ಐದು ಬಂದು ಮಲಗುತ್ತಿದ್ದವು. ಸಂಜೆಯ ಹೊತ್ತಿಗೆ ಬಡಗಿ ಹೆರೆದ ಸಿಪ್ಪೆಯ ರಾಶಿಯಲ್ಲಿ ಸೊಂಟದವರೆಗೆ ಮುಳುಗಿದ್ದ.

ಹೊರಗೆ ಮರ ತುಂಬಿದ ಗಾಡಿ ಬಂದು ನಿಂತಿತು. ದರ್ಜಿ ನಗುತ್ತ ಇಣುಕಿದ.

"ಅಣ್ಣಾ, ಬಾಗಿಲು ಪೂರ್ತಿ ತೆಗಿ. ಅತ್ತಿಗೆ ಸೀಳೋ ಚುರುಕು ಕಂಡು, ಬೀದಿಯವರ ಕೆಲಸವನ್ನೆಲ್ಲ ನಾನೇ ಒಪ್ಪಿಕೊಂಡು ಬಂದೆ. ನಿಧಾನವಾದ್ರೂ ಪರವಾಗಿಲ್ಲವಂತೆ, ಎರಡೂ ಕಡೆ ನುಣ್ಣಗಿರಬೇಕಂತೆ."