ಮಿಂಚಾಳು ಮುಸುಕು ತೆಗೆದ ದಿನ

ಸಿನಿಮಾ ವಿಷಯದಲ್ಲಿ ಮಳವಳ್ಳಿಯಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾಯಕ ಎಷ್ಟು ಎತ್ತರಕ್ಕೆ ಹಾರಬಹುದು, ಬಿದ್ದರೆ ಯಾವ ಮೂಳೆ ಮುರಿಯಬೇಕು ಎಂಬುದನ್ನು ಕೂತಲ್ಲೇ ಹೇಳಬಲ್ಲೆ. ಅಂಥವನ ಮನೆಯಲ್ಲಿ ಎಪ್ಪತ್ತೆರಡು ವರ್ಷದ ಅವ್ವ ದಿನಾ ಸಂಜೆ ಐದೂವರೆಗೆ ಟೀವಿ ಮುಂದೆ ಕೂತು ಕಾರ್ಟೂನ್ ನೋಡುತ್ತಿದ್ದಳು!

ಆ ಕಾರ್ಟೂನಿನ ನಾಯಕನ ಹೆಸರು ಮಿಂಚಾಳು. ಮೈಯಲ್ಲಿ ಕರೆಂಟು ಹರಿಸಿಕೊಂಡು ಕಂಬದಿಂದ ಕಂಬಕ್ಕೆ ನೆಗೆಯುವ ಗೆರೆಯ ಬೊಂಬೆ. ಮುಸುಕಿನಲ್ಲಿ ಕಣ್ಣಿಗೆಂದು ಎರಡು ತೂತು ಬಿಟ್ಟರೆ ಅವನಿಗೆ ಮುಖವೇ ಇಲ್ಲ. ಒಮ್ಮೆ ನಮ್ಮ ಹೆಡ್‌ಮಾಸ್ಟರು ಮನೆಗೆ ಬಂದಾಗ ಅವ್ವ, "ಕೂತ್ಕಳಿ ಸಾರ್, ಈಗ ಸೇತ್ವೆ ಎತ್ತಾನೆ" ಎಂದು ಸ್ವಾಗತಿಸಿದಳು. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ಅಷ್ಟರಲ್ಲಿ ಮಿಂಚಾಳುವಿನ ಸಿನಿಮಾ ಬಂತು. ಬೊಂಬೆಯಲ್ಲ, ರಕ್ತ ಮಾಂಸದ ಮನುಷ್ಯನೇ ನಟಿಸಿದ್ದು!

"ಅವ್ವ, ನಿಜವಾದ ಮಿಂಚಾಳನ್ನ ತೋರಿಸ್ತೀನಿ ಬಾ. ಆಮೇಲೆ ಈ ಬೊಂಬೆ ಕಡೆ ತಿರುಗೂ ನೋಡಲ್ಲ ನೀನು."

"ದಿನಾ ಬರೋನು ಸುಳ್ಳೇನ್ಲಾ?" ಎಂದಳು ಅವ್ವ.

ನನ್ನ ಹೆಂಡತಿ ಸವಿತ ಅಡುಗೆಮನೆಯಿಂದಲೇ ಎಚ್ಚರಿಸಿದಳು. "ರೀ, ಅತ್ತೆ ಪಾಡಿಗೆ ಅತ್ತೆ ನೋಡ್ಕೊಳ್ಳಲಿ ಬಿಡಿ."

"ಇದು ಅಭಿರುಚಿಯ ಪ್ರಶ್ನೆ, ಸವಿತಾ" ಎಂದೆ. ನಾನು ಇಂಥ ಮಾತಾಡಿದ ದಿನವೆಲ್ಲ ಏನಾದರೊಂದು ಎಡವಟ್ಟಾಗುತ್ತದೆ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಮೊಬೈಲಿನಲ್ಲೇ ಟಿಕೆಟ್ ತೆಗೆದೆ. ಅವ್ವ ಮದುವೆಗೆ ಉಡುವ ಸೀರೆ ಉಟ್ಟಳು. ಬಸ್ಸಿನಲ್ಲಿ ಮದ್ದೂರು ತಲುಪಿ, ಥಿಯೇಟರಿನ ಗೇಟಿನಲ್ಲಿ ಗತ್ತಿನಿಂದ ಮೊಬೈಲು ಚಾಚಿದೆ.

"ಸಾರ್, ಇದು ಮಂಡ್ಯದ್ದು" ಎಂದ ಗೇಟಿನವನು.

"ಸರಿಯಾಗಿ ನೋಡಪ್ಪ."

"ನೀವ್ ಸರಿಯಾಗಿ ನೋಡ್ಬೇಕಾಗಿತ್ತು ಸಾರ್."

ಅವ್ವ ನಡುವೆ ಬಂದು ಸಮಾಧಾನ ಹೇಳಿದಳು. ನನಗಲ್ಲ, ಅವನಿಗೆ! "ಮೇಷ್ಟ್ರು ಕಣಪ್ಪ. ಬೇರೆಯೋರ್ದು ಮಾತ್ರ ತಿದ್ದದು."

ಮಂಡ್ಯದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಆಟ ಶುರುವಾಗಿ ಅರ್ಧ ಗಂಟೆಯಾಗಿತ್ತು. ಕತ್ತಲಲ್ಲಿ ಮೂರು ಜನರ ಕಾಲು ತುಳಿದು ಸೀಟು ಸೇರಿದೆವು. ಪರದೆಯ ಮೇಲೆ ಮಿಂಚಾಳು ಗುಡುಗುತ್ತಿದ್ದ. ಇಂಗ್ಲಿಷಿನಲ್ಲಿ!

"ಇವ್ನ್ಯಾಕ್ಲಾ ಇಂಗ್ಲೀಸ್ ಮಾತಾಡ್ತಾನೆ? ಮನೇಲಿ ಸಂದಾಗಿ ಕನ್ನಡ ಮಾತಾಡ್ತನಲ್ಲ!"

ಕನ್ನಡದ ಆಟ ಬೆಳಗ್ಗೆಯೇ ಮುಗಿದಿತ್ತು. ಅದನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಆದರೆ ಧೈರ್ಯಗೆಡಲಿಲ್ಲ. ಪ್ರತಿ ಮಾತನ್ನೂ ಅನುವಾದ ಮಾಡಿ ಹೇಳತೊಡಗಿದೆ. ಜೊತೆಗೆ ತುಲನಾತ್ಮಕ ಉಪನ್ಯಾಸ ಬೇರೆ! "ನೋಡವ್ವ, ನೆರಳು ಎಷ್ಟು ಸಹಜವಾಗಿ ಬಿದ್ದಿದೆ. ಕತ್ತಿನ ಮೇಲೆ ಬೆವರು ನೋಡು. ನಿನ್ನ ಬೊಂಬೆಗೆ ಬೆವರು ಬರುತ್ತಾ?"

"ಇಸ್ಟ್ಯಾಕ್ಲಾ ಬೆವರ್ತಾನೆ? ಜರ ಗಿರ ಬಂದದಾ?"

ಸ್ವಲ್ಪ ಹೊತ್ತಿಗೆ ಟಾರ್ಚಿನ ಬೆಳಕು ನಮ್ಮ ಸಾಲಿಗೆ ಬಂತು. ಹಿಂದೆಯೇ ಥಿಯೇಟರಿನ ಹುಡುಗನೂ ಬಂದ. "ವಯಸ್ಸಾದವರು, ಸ್ವಲ್ಪ ಅನುಸರಿಸಿಕೊಳ್ಳಿ" ಎಂದು ಅವನಿಗೆ ಮೆಲ್ಲಗೆ ಹೇಳಿದೆ.

"ಅಮ್ಮಾರ ಬಗ್ಗೆ ಯಾರೂ ಹೇಳಿಲ್ಲ ಸಾರ್. ನಿಮ್ಮ ಬಗ್ಗೆ ಹೇಳವ್ರೆ."

ಇಪ್ಪತ್ತು ವರ್ಷದಿಂದ ತರಗತಿಯಲ್ಲಿ 'ಸೈಲೆನ್ಸ್' ಎಂದು ಕೂಗಿದವನು ನಾನು. ಬಾಯಿ ಮುಚ್ಚಿಕೊಂಡು ಕೂತೆ.

ಆಗಲೇ ಪರದೆಯ ಮೇಲಿನ ಮಿಂಚಾಳು ಮುಸುಕು ತೆಗೆದ. ನುಣ್ಣನೆಯ ಸುಂದರ ಮುಖವೊಂದು ಪರದೆ ತುಂಬಿತು. ಜನ ಶಿಳ್ಳೆ ಹೊಡೆದರು. ಅವ್ವ ನನ್ನ ತೋಳು ಹಿಡಿದಳು.

"ಏಳ್ಲಾ. ಓಗಮ."

ದನಿ ಬೇರೆಯಾಗಿತ್ತು. ಅವಳ ಹಿಂದೆಯೇ ಎದ್ದೆ. ಹೊರಗೆ ಬಂದು ಅವ್ವ ಕಲ್ಲುಬೆಂಚಿನ ಮೇಲೆ ಕೂತಳು.

"ಮೊಕ ತೋರಿಸ್ಬುಟ್ನಲ್ಲೋ" ಎಂದಳು.

"ಒಳ್ಳೇ ನಟ ಕಣವ್ವ ಅವನು."

"ಇರ್ಲಿ ಬುಡು, ಸಂದಾಗೇ ಅವ್ನೆ. ಆದ್ರೆ ಟೀವಿಯೋನು ಮುಸುಕು ತೆಗೆಯಾಕಿಲ್ಲ. ಕಂಬ ಅತ್ತೋಕ್ ಮುಂಚೆ ಎಡಗಡೆ ಬುಜ ಒಂದ್ಸಲ ಕೊಡವ್ತಾನೆ, ನೋಡಿದ್ದೀಯಾ? ನಿಮ್ಮಪ್ಪ ಅಂಗೇ ಕೊಡವ್ತಿದ್ರು. ಮೊಕ ಕಾಣಾಕಿಲ್ವಲ್ಲ, ಅದ್ಕೆ ಅಲ್ಲಿ ನಿಮ್ಮಪ್ಪನ ಮೊಕ ಮಡಿಕ್ಕಂಡು ನೋಡ್ತೀನಿ."

ಅಪ್ಪ ಶಿವನಸಮುದ್ರದಲ್ಲಿ ಲೈನ್‌ಮನ್ ಆಗಿದ್ದರು. ತೀರಿಕೊಂಡು ಆರು ವರ್ಷವಾಯಿತು. ಮನೆಯಲ್ಲಿ ಅವರದೆಂದು ಇರುವುದು ಒಂದೇ ಫೋಟೋ, ಗುರುತಿನ ಚೀಟಿಗೆ ತೆಗೆಸಿದ್ದು. ಕತ್ತು ಬಿಗಿದುಕೊಂಡು, ಕಣ್ಣು ಮಿಟುಕಿಸದೆ ನಮ್ಮನ್ನೇ ನೋಡುತ್ತಾರೆ. ಅವ್ವನಿಗೆ ಬೇಕಾಗಿದ್ದದ್ದು ಓಡಾಡುವ ಅಪ್ಪ. ನೆರಳು, ಬೆವರು ಎಲ್ಲ ಕಂಡ ನನ್ನ ಕಣ್ಣಿಗೆ ಆ ಭುಜ ಒಂದು ದಿನವೂ ಬಿದ್ದಿರಲಿಲ್ಲ.

"ಮೊದಲೇ ಹೇಳಬಾರದಾ ಅವ್ವ?"

"ನೀನೆಲ್ಲಿ ಮಾತಾಡಕ್ ಬುಟ್ಟೆ?"

ವಾಪಸು ಬರುವಾಗ ಮದ್ದೂರಿನಲ್ಲಿ ವಡೆ ಕೊಡಿಸಿದೆ. ಅವ್ವ ಅರ್ಧ ಮುರಿದು, ಚಿಕ್ಕವನಿಗೆ ಕೊಡುವಂತೆ ನನ್ನ ಕೈಗೇ ಇಟ್ಟಳು.

ಮರುದಿನ ಐದೂವರೆಗೆ ಅವ್ವನ ಪಕ್ಕದಲ್ಲೇ ಕೂತೆ. ಮಿಂಚಾಳು ಕಂಬದ ಬುಡಕ್ಕೆ ಬಂದ. ಎಡಭುಜ ಕೊಡವಿದ. ಹೌದು, ಅಪ್ಪನೇ! ಕೆಲಸಕ್ಕೆ ಹೊರಟ ಅಪ್ಪ! ನಾನು ಉಸಿರು ಬಿಗಿಹಿಡಿದು ನೋಡಿದೆ. ಅವ್ವ ನನ್ನ ಕಡೆ ತಿರುಗಲಿಲ್ಲ. ಕಣ್ಣು ಮಾತ್ರ ಒರೆಸಿಕೊಂಡಳು.

ಆಮೇಲೆ ಖಳನಾಯಕ ಬಂದ. ಬೋಳುತಲೆ, ಮುಂದೆ ಬಂದ ಹೊಟ್ಟೆ. ಹೊಡೆದಾಟಕ್ಕೆ ಮೊದಲು ಬೆರಳೆತ್ತಿ ಉದ್ದನೆಯ ಭಾಷಣ ಮಾಡಿದ. ಭಾಷಣ ಮುಗಿಯುವ ಮೊದಲೇ ಅವನ ಬಾಂಬು ಅವನ ಕೈಯಲ್ಲೇ ಸಿಡಿಯಿತು. ನಾನು ಬಿದ್ದು ಬಿದ್ದು ನಕ್ಕೆ. ಸವಿತ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು.

"ಅವಳ್ಯಾಕೆ ಹಂಗೆ ನಗ್ತಾಳೆ?" ಎಂದೆ.

ಅವ್ವ ಟೀವಿಯಿಂದ ಕಣ್ಣು ತೆಗೆಯದೆ ನನ್ನ ಮೊಣಕಾಲು ತಟ್ಟಿದಳು. "ಅವ್ನು ನೀನೇ ಕಣ್ಲಾ. ನೀನು ಇಸ್ಕೂಲಿಂದ ಬರದು ತಡ ಆದ್ರೆ ಇವ್ನ ನೋಡ್ಕಂಡು ಕೂತಿರ್ತೀನಿ."

ಹೋಲಿಕೆಯಲ್ಲಿ ಒಂದು ದೋಷವಿತ್ತು. ನನ್ನ ತಲೆಯಲ್ಲಿ ಇನ್ನೂ ನಾಲ್ಕಾರು ಕೂದಲಿವೆ. ಅದನ್ನು ಸವಿವರವಾಗಿ ತಿಳಿಸಲು ಬೆರಳೆತ್ತಿದೆ.

ಅವ್ವ ಟೀವಿಯ ದನಿ ಜೋರು ಮಾಡಿದಳು.