ಒಳಕೋಣೆಯ ಕುರ್ಚಿ

ಲಿಫ್ಟ್ ರಿಪೇರಿ ಕಂಪನಿಯಲ್ಲಿ ದೂರಿನ ಫೋನಿನ ಮುಂದೆ ಕೂತು ಬೈಸಿಕೊಳ್ಳುವುದೇ ಅವನ ಉದ್ಯೋಗ. ಹಾಗಾಗಿ ಆಫೀಸಿಗೆಲ್ಲ ಅವನು ದೂರಪ್ಪ. ಆ ದಿನ ಬೆಳಿಗ್ಗೆ ಸಾಹೇಬರು ಹೇಳಿದರು: "ಒಳಕೋಣೆಯ ಕಾಗದಪತ್ರದ ಕೆಲಸಕ್ಕೆ ಒಬ್ಬರು ಬೇಕು. ಸಂಜೆ ಇಂಗ್ಲಿಷ್ ಪರೀಕ್ಷೆ. ತುಂಡು ತುಂಡು ಮಾತು ಬೇಡ. ಬಿಕಾಸ್, ಆಲ್ದೋ, ಅನ್‌ಲೆಸ್ ಹಾಕಿ ಜೋಡಿಸಿ ಮಾತಾಡಬೇಕು."

ಒಳಕೋಣೆಯಲ್ಲಿ ಫೋನೇ ಇಲ್ಲ. ದೂರಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಎದುರಾಳಿಯೂ ಒಬ್ಬನೇ: ಲೆಕ್ಕ ಬರೆಯುವವನು, 'ಯೆಸ್ ಸಾರ್' ದಾಟಿ ಇಂಗ್ಲಿಷ್ ಕಂಡವನಲ್ಲ.

ಟೈಪಿಸ್ಟ್ ಅಕ್ಕ ಕೇಳದೆಯೇ ಪಾಠಕ್ಕೆ ನಿಂತರು. "ನೋಡಪ್ಪ, ಆಲ್ದೋ ಅಂತ ಶುರುವಾದ ತುಂಡು ಮನೆಯಳಿಯ ಇದ್ದ ಹಾಗೆ. ಒಂಟಿಯಾಗಿ ನಿಲ್ಲಲ್ಲ. 'ಮಳೆ ಬಂದರೂ' ಅಂತ ಹೇಳಿ ಬಾಯಿ ಮುಚ್ಕೊಂಡ್ರೆ ಜನ ಏನಂತಾರೆ?"

"ಬಂದರೂ ಏನು ಅಂತಾರೆ."

"ಆ 'ಏನು' ಅನ್ನೋದೇ ಮಾವನ ಮನೆ."

ಅಷ್ಟರಲ್ಲಿ ಫೋನು. ಲಿಫ್ಟಿನೊಳಗೆ ಸಿಕ್ಕಿಬಿದ್ದ ದಂತವೈದ್ಯರೊಬ್ಬರು ಇಂಗ್ಲಿಷಿನಲ್ಲೇ ಕೂಗಾಡುತ್ತಿದ್ದರು. ಪಾಠ ಮರೆತುಹೋದೀತೆಂಬ ಗಾಬರಿಯಲ್ಲಿ ದೂರಪ್ಪ ಅದನ್ನು ಇಂಗ್ಲಿಷಿನಲ್ಲೇ ಅವರ ಮೇಲೆ ಪ್ರಯೋಗಿಸಿದ: "ಲಿಫ್ಟ್ ನಿಂತಿದ್ದರೂ, ನಮ್ಮ ಮೆಕ್ಯಾನಿಕ್ ಹೊರಟಿರುವುದರಿಂದ, ನೀವಾಗಿ ಬಾಗಿಲು ಎಳೆಯದ ಹೊರತು..." ಮೆಕ್ಯಾನಿಕ್ ಎದುರಿಗೇ ಕೂತು ಚಹಾ ಊದುತ್ತಿದ್ದ. ಅವನನ್ನು ಕಣ್ಣಲ್ಲೇ ಗದರಿಸಿ ಎಬ್ಬಿಸಿ ಓಡಿಸಿದ್ದಾಯಿತು. ಅತ್ತ ವೈದ್ಯರು ವಾಕ್ಯ ಎಲ್ಲಿ ಮುಗಿಯುತ್ತದೆಂದು ಕಾಯುತ್ತಾ ಬೈಯುವುದನ್ನೇ ಮರೆತರು.

ದಿನವಿಡೀ ಇದೇ ಪಾಡು. ಅಕ್ಕ ಪಾಠಕ್ಕೆ ಬಾಯಿ ತೆರೆದರೆ ಫೋನು, ಫೋನಿಟ್ಟರೆ ಅಕ್ಕ. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಪಾಪ, ಅವನ ಕಣ್ಣು ಮಾತ್ರ ಒಳಕೋಣೆಯ ಬಾಗಿಲ ಮೇಲೇ.

ಸಂಜೆ ಲೆಕ್ಕದವನು ಮೊದಲು ನಿಂತ. "ಬಿಕಾಸ್," ಎಂದ. ಬೆವರೊರೆಸಿಕೊಂಡ. ಮತ್ತೆ "ಬಿಕಾಸ್" ಎಂದು ಕೂತುಬಿಟ್ಟ. ದೂರಪ್ಪ ಬಾಯಿ ತೆರೆದದ್ದೇ ತಡ, ಆಲ್ದೋಗೆ ಅನ್‌ಲೆಸ್ ಪೋಣಿಸಿ, ಉಸಿರು ಕಟ್ಟುವವರೆಗೂ ನಿಲ್ಲಿಸಲಿಲ್ಲ. ಸಾಹೇಬರು ಎದ್ದು ಕೈ ಕುಲುಕಿದರು.

"ಭೇಷ್ ಕಣಯ್ಯ. ಡಾಕ್ಟರೂ ಫೋನ್ ಮಾಡಿ ಹೊಗಳಿದ್ರು. ನಮ್ಮ ಕಂಪನೀನ ಹೊಗಳಿದ ಮೊದಲನೇ ಮನುಷ್ಯ ಅವರು."

"ಹಾಗಾದ್ರೆ ಒಳಕೋಣೆ, ಸಾರ್..."

"ಅಲ್ಲಿಗೆ ಲೆಕ್ಕದವನು ಹೋಗ್ತಾನೆ. ಆ ಬಾಯನ್ನ ಜನರ ಮುಂದೆ ಇಡೋಕಾಗುತ್ತಾ? ನಿನ್ನಂಥವನನ್ನ ಒಳಗೆ ಬಚ್ಚಿಡೋಕಾಗುತ್ತಾ? ನಾಳೆಯಿಂದ ಇನ್ನೊಂದು ಬ್ರಾಂಚಿನ ದೂರೂ ನಿನಗೇ."

ಲೆಕ್ಕದವನು ಒಳಹೋಗಿ ಬಾಗಿಲು ಮುಚ್ಚಿಕೊಂಡ. ಸಾಹೇಬರು ತಾವೇ ಎರಡನೇ ಫೋನನ್ನು ತಂದು ದೂರಪ್ಪನ ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿದರು. ನಾಳೆಯವರೆಗೆ ಕಾಯುವ ತಾಳ್ಮೆ ಅದಕ್ಕಿರಲಿಲ್ಲ, ಆಗಲೇ ಬಡಿದುಕೊಳ್ಳತೊಡಗಿತು.